ನಡುವಿನ ತೆಳ್ಳನೆಯ ಪುಸ್ತಕ

ಮೂರನೆಯ ಸಂಪುಟದ ಬೆನ್ನಿನಿಂದ ಹಳೆಯ ಅಂಟನ್ನು ಅವಳು ಅರ್ಧ ಕೆರೆದಿದ್ದಳು. ಒಣಗಿದ ಅಂಟು ಗಾಯದ ಹಕ್ಕಳೆಯಂತೆ ಏಳುತ್ತಿತ್ತು. ಗ್ರಂಥಾಲಯದ ಹಿಂದಿನ ಈ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಈ ವಾರ ಮೇಜಿಗೆ ಬಂದದ್ದು ಮಾಟದ ಸಮುದ್ರರಾಜ್ಯವೊಂದರ ಪ್ರೇಮಕಥಾಮಾಲೆ. ನಾಲ್ಕು ಸಂಪುಟಗಳು ಇಟ್ಟಿಗೆಯಷ್ಟು ದಪ್ಪ. ಮೂರಕ್ಕೂ ನಾಲ್ಕಕ್ಕೂ ನಡುವೆ ಬರುವ ಇನ್ನೊಂದಿತ್ತು. ನೂರಿಪ್ಪತ್ತು ಪುಟ, ಬೆರಳಷ್ಟೂ ದಪ್ಪವಿಲ್ಲ.

"ಅಕ್ಕಾ, ಇನ್ನೂ ಮೂರರಲ್ಲೇ ಇದ್ದೀರಾ?" ಪುಸ್ತಕ ಕೊಡುವ ಕೌಂಟರಿನ ಹುಡುಗಿ ಒಳಗೆ ಬಂದಳು. ಬಾಯಿಗೆ ಬಿಡುವೇ ಇಲ್ಲದ್ದರಿಂದ ಅವಳಿಗೆ ಎಲ್ಲರೂ ಇಟ್ಟ ಹೆಸರು ಗಿಳಿ. "ಮೂರನೇದು ಎಲ್ಲಿ, ಮೂರನೇದು ಎಲ್ಲಿ ಅಂತ ಜನ ನನ್ನ ಜೀವ ತಿಂತಿದಾರೆ."

"ನಾಳೆ ಬನ್ನಿ ಅನ್ನು. ಅಂಟು ಒಣಗಬೇಡವೇನೇ?"

"ಮತ್ತೆ, ಆ ತೆಳ್ಳಂದು ರದ್ದಿಗೆ ಹಾಕ್ಬೇಕಂತೆ. ವರ್ಷಕ್ಕೆ ಮೂರು ಸಲನೂ ಹೊರಗೆ ಹೋಗದ ಪುಸ್ತಕಕ್ಕೆ ರಟ್ಟು ದಂಡ ಅಂದ್ರು ಸಾಹೇಬ್ರು. ಐದಕ್ಕೆ ರದ್ದಿ ಗಾಡಿ ಬರತ್ತೆ."

ಚಾಕು ನಿಂತಿತು. "ನೀನು ಓದಿದ್ಯಾ ಅದನ್ನ?"

"ಹತ್ತು ಪುಟ. ಅಯ್ಯೋ, ಯುದ್ಧ ಇಲ್ಲ, ಮಾಟ ಇಲ್ಲ, ಒಂದು ಮುತ್ತಿಗೂ ಗತಿಯಿಲ್ಲ! ಮೂರನೇದ್ರಲ್ಲಿ ಬಿರುಗಾಳಿ ಕರೆಸಿ ಹಡಗು ಮುಳುಗಿಸಿದವಳು ಇದ್ರಲ್ಲಿ ಸುಮ್ನೆ ಹಗ್ಗ ಹಿಡ್ಕೊಂಡು ಕೂತಿರ್ತಾಳೆ. ನೀವು ಪುಸ್ತಕ ಓದೋದೇ ಇಲ್ಲ ಅಂತಿದ್ರಿ?"

"ಪುಟ ಎಣಿಸ್ತಾ ಕಣ್ಣು ಬಿತ್ತು, ಅಷ್ಟೆ."

ಓದುವುದಿಲ್ಲ ಎಂಬುದು ನಿಜವೇ. ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಹೇಳಿದ್ದ: "ಅಡುಗೆಯವಳು ರುಚಿ ನೋಡ್ತಾ ಕೂತ್ರೆ ಬಡಿಸೋಕೆ ಏನಮ್ಮ ಉಳಿಯತ್ತೆ?" ಮೊನ್ನೆ ಆ ತೆಳ್ಳನೆಯದರ ಪುಟಗಳು ಸರಿಯಾಗಿವೆಯೇ ಎಂದು ಮಗುಚುತ್ತಿದ್ದಾಗ ಮೂವತ್ತೊಂದನೇ ಪುಟದಲ್ಲಿ ಕಣ್ಣು ನಿಂತಿತು. ಮೊದಲ ಪುಟಕ್ಕೆ ಮರಳಿ ಓದತೊಡಗಿದಳು. ಊಟದ ಡಬ್ಬಿ ತೆರೆಯಲಿಲ್ಲ.

ಕಥೆಯಲ್ಲಿ ಯುದ್ಧ ಮುಗಿದಿದೆ. ಗಾಳಿ ಕರೆಯುತ್ತಿದ್ದವಳ ಶಕ್ತಿ ಬತ್ತಿ ಕೈ ನಡುಗುತ್ತದೆ. ಹೊಳೆಯ ಅಂಬಿಗನ ಮನೆಯಲ್ಲಿ ಒಂದು ಚಳಿಗಾಲ ಕಳೆಯುತ್ತಾಳೆ. ಅವನು ಏನನ್ನೂ ಕೇಳುವುದಿಲ್ಲ. ಬೆಳಿಗ್ಗೆ ಅವಳ ಲೋಟಕ್ಕೆ ಅರ್ಧವೇ ಹಾಲು ಹೊಯ್ಯುತ್ತಾನೆ. ತುಳುಕದಿರಲಿ ಎಂದು ಹಾಗೆ ಮಾಡಿದ ಎಂದು ಬರೆದವಳು ಎಲ್ಲೂ ಹೇಳುವುದಿಲ್ಲ. ಪುಟದ ಮೇಲೆ ಪುಟ ಬರಿಯ ಅರ್ಧ ಲೋಟ; ಆಮೇಲೆ ಒಂದು ಬೆಳಿಗ್ಗೆ ಲೋಟ ತುಂಬಿರುತ್ತದೆ. ಸಮುದ್ರವನ್ನೇ ಕಡೆದು ನಾಲ್ಕು ಸಂಪುಟ ಬರೆದವಳಿಗೆ ಒಂದು ಲೋಟ ಹಾಲಿನ ಮುಂದೆ ಇಷ್ಟು ಹೊತ್ತು ಕೂರುವ ತಾಳ್ಮೆ ಎಲ್ಲಿಂದ ಬಂತು! ಪುಸ್ತಕ ಮುಚ್ಚಿ ಅವಳು ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಿದ್ದಳು.

ಅವಳ ಗಂಡ ಹಿಂದೆ ಬಸ್ ಕಂಡಕ್ಟರ್ ಆಗಿದ್ದವನು. ಚೆನ್ನಾಗಿದೆ ಎಂಬ ಮಾತು ಅವನ ಬಾಯಿಂದ ಅಡುಗೆಗೂ ಬಂದಿಲ್ಲ, ಅವಳಿಗೂ ಬಂದಿಲ್ಲ. 'ಗೋಡೆ ಮಾತಾಡಿಸಿದ್ರೆ ಅದಾದ್ರೂ ಓಗೊಡತ್ತೆ ಕಣೇ' ಎಂದು ತಂಗಿಯ ಹತ್ತಿರ ಅದೆಷ್ಟು ಸಲ ಗೊಣಗಿದ್ದಳೋ. ಕಣ್ಣು ಮಂಜಾಗಿ ಅವಳಿಗೆ ಸೂಜಿಯ ಕಣ್ಣು ಕಾಣದಾದ ಮೇಲೆ, ದಿನವೂ ಬೆಳಿಗ್ಗೆ ಅವಳು ಡಬ್ಬಿ ಕಟ್ಟಿಕೊಳ್ಳುವಷ್ಟರಲ್ಲಿ ಅವನು ಕಿಟಕಿಯ ಬೆಳಕಿಗೆ ಕೂತು ಹನ್ನೆರಡು ಸೂಜಿಗಳಿಗೆ ನೂಲು ಪೋಣಿಸಿ ಒಂದು ಬಟ್ಟೆಗೆ ಚುಚ್ಚಿಡುತ್ತಾನೆ. ಆರು ವರ್ಷವಾಯಿತು. ನಿನ್ನೆ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ನೋಡಿದಳು. ಪೋಣಿಸಿದ ಒಂದೊಂದು ನೂಲನ್ನೂ ಅವನು ಜಗ್ಗಿ ನೋಡುತ್ತಿದ್ದ. ಅದು ಅವಳಿಗೆ ಗೊತ್ತೇ ಇರಲಿಲ್ಲ.

ನಾಲ್ಕು ಗಂಟೆಗೆ ಗ್ರಂಥಪಾಲಕರು ಬಾಗಿಲಲ್ಲಿ ಇಣುಕಿದರು. "ಏನಮ್ಮಾ, ರದ್ದಿ ಕಟ್ಟಾಯ್ತಾ?"

"ಸರ್, ಇದೊಂದು ಇರಲಿ. ಓದಿದೆ, ಚೆನ್ನಾಗಿದೆ."

ಅವರು ಕನ್ನಡಕ ಮೇಲೆತ್ತಿ ಅವಳನ್ನೇ ನೋಡಿದರು. ಇಷ್ಟು ವರ್ಷಗಳಲ್ಲಿ ಅವಳು ಪುಸ್ತಕದ ಹೊಲಿಗೆಯ ಬಗ್ಗೆಯಲ್ಲದೆ ಬೇರೇನೂ ಹೇಳಿದವಳಲ್ಲ.

"ಇರಬಹುದಮ್ಮ. ಓದೋರು ಬೇಕಲ್ಲ? ಕಪಾಟೇನು ರಬ್ಬರಾ, ಎಳೆದಷ್ಟು ಹಿಗ್ಗೋಕೆ? ನಿಮಗೆ ಬೇಕಿದ್ರೆ ಮನೆಗೆ ತಗೊಂಡ್ಹೋಗಿ, ಯಾರು ಬೇಡ ಅಂತಾರೆ."

"ಆಯ್ತು ಸರ್."

ಅವರು ಹೋದ ಮೇಲೆ ಪುಸ್ತಕವನ್ನು ಚೀಲಕ್ಕೆ ಹಾಕಿದಳು. ಮೂರನೆಯ ಸಂಪುಟದ ಹಾಳೆಗಳನ್ನು ತಟ್ಟಿ ಸಮ ಮಾಡಿದಳು. ಕೊನೆಯ ಪುಟದಲ್ಲಿ ಹಡಗು ಮುಳುಗುತ್ತಿತ್ತು. ಇಲ್ಲಿಂದ ಜನ ಉಸಿರು ಬಿಗಿಹಿಡಿದು ನೇರ ನಾಲ್ಕಕ್ಕೆ ಓಡುತ್ತಾರೆ. ಅವಳು ಚೀಲದಿಂದ ಪುಸ್ತಕವನ್ನು ಹೊರಗೆ ತೆಗೆದಳು. ಅದರ ನೀಲಿ ಹೊದಿಕೆಯನ್ನು ಬಿಡಿಸಿ, ಹಾಳೆಗಳನ್ನು ಮೂರನೆಯದರ ಕೊನೆಗೆ ಸೇರಿಸಿ ತಟ್ಟಿದಳು. ಅಳತೆ ಒಂದೇ. ಅಂಚು ಕೂಡಿತು.

"ಅಕ್ಕಾ, ಗಾಡಿ ಬಂತು!" ಗಿಳಿ ರದ್ದಿಯ ಕಟ್ಟೆತ್ತಿದಳು. ಎಲ್ಲಕ್ಕಿಂತ ಮೇಲೆ ನೀಲಿ ಹೊದಿಕೆ. "ಅಂತೂ ಹಾಕಿದ್ರಲ್ಲ, ಪಾಪ." ಮೇಜಿನತ್ತ ನೋಡಿದಳು. "ಈ ಮೂರನೇದು ಯಾಕೋ ಊದ್ಕೊಂಡಿದೆ?"

"ಹಳೆ ಕಾಗದ. ಹಾಗೇ."

ಗಿಳಿ ಹೋದಳು. ಗಂಡ ಚುಚ್ಚಿಟ್ಟ ಬಟ್ಟೆಯಲ್ಲಿ ಎರಡು ಸೂಜಿ ಉಳಿದಿದ್ದವು. ದಬ್ಬಣದಿಂದ ಹಾಳೆಗಳ ಅಂಚಿಗೆ ಉದ್ದಕ್ಕೂ ತೂತು ಕೊರೆದು, ಒಂದು ಸೂಜಿಯನ್ನು ಎಳೆದುಕೊಂಡು, ನೂಲನ್ನು ಒಮ್ಮೆ ಜಗ್ಗಿ ನೋಡಿದಳು. ಗಟ್ಟಿಯಾಗಿ ನಿಂತಿತು.