ಸಮ ಬಂದಾಗ

"ಸುಳ್ಳು ಹೇಳ್ಬೇಡ. ಸಮ ಬಂದ್ರೆ ಕೈಯಲ್ಲಿ ಕಡಿಮೆ ಹಲಗೆ ಉಳಿದಿರೋರು ಗೆದ್ದ ಹಾಗೆ. ಮೊದಲಿಂದ್ಲೂ ಅದೇ ರೂಲು."

"ಅಕ್ಕಾ, ಕಡಿಮೆ ಅಲ್ಲ. ಜಾಸ್ತಿ ಉಳಿದಿರೋರು."

ತಮ್ಮನ ದನಿ ಸ್ಪೀಕರಿಗೆ ಹಾಕಿದ್ದ ಫೋನಿನಿಂದ ಕರಕರ ಬರುತ್ತಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಪರದೆಯಲ್ಲಿ ಒಂದು ನದಿ, ಅದಕ್ಕೆ ಅಡ್ಡಲಾಗಿ ಅಕ್ಕ ತಮ್ಮ ಸೇರಿ ಒಂದೂವರೆ ಗಂಟೆ ಕಟ್ಟಿದ ಸೇತುವೆಗಳು. ಅವಳದು ಕೆಂಪು, ಅವನದು ನೀಲಿ. ಇಬ್ಬರಿಗೂ ನಲವತ್ತೊಂದು ಅಂಕ. ಅವಳ ಹತ್ತಿರ ಎರಡು ಹಲಗೆ ಉಳಿದಿದ್ದವು, ಅವನ ಹತ್ತಿರ ಐದು. ಅಂಕ ಸಮವಾದರೆ ಯಾರು ಗೆದ್ದರೆಂದು ಆ ಸೈಟು ಹೇಳುವುದಿಲ್ಲ. ಆಡುವವರೇ ತೀರ್ಮಾನಿಸಿಕೊಳ್ಳಿ ಎಂದು ಕೈತೊಳೆದುಕೊಂಡುಬಿಡುತ್ತದೆ.

"ಆ ರೂಲು ಮಾಡಿದ್ದೇ ನಾನು ಕಣೋ," ಎಂದಳು. "ನಂಗೇ ಪಾಠ ಹೇಳ್ತೀಯಾ?"

"ನೀನೇ ಮಾಡಿದ್ದು. ಅದಕ್ಕೇ ಹೇಳ್ತಿರೋದು."

ಅವಳಿಗೆ ನಗು ಬಂತು. ಮನೆಯಲ್ಲಿ ಅವಳಿಗೆ 'ನಿಘಂಟು' ಎಂದೇ ಅಡ್ಡಹೆಸರು. ಯಾರ ಮದುವೆ ಯಾವ ವಾರ ಆಯಿತು, ಯಾವ ಅತ್ತೆಗೆ ಯಾವ ಮಾತ್ರೆ ಆಗಿಬರುವುದಿಲ್ಲ, ಎಲ್ಲವೂ ನಾಲಿಗೆಯ ತುದಿಯಲ್ಲಿ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಇಪ್ಪತ್ತಾರು ವರ್ಷದಿಂದ ನಿಲ್ಲುತ್ತಿರುವವಳು. ಡಾಕ್ಟರುಗಳ ಕಾಗೆ ಕಾಲಿನ ಅಕ್ಷರವನ್ನು ಕಣ್ಣು ಕಿರಿದು ಮಾಡದೆ ಓದುತ್ತಿದ್ದಳು. ಈ ರೂಲಂತೂ ನಿನ್ನೆ ಮೊನ್ನೆಯದೆಂಬಂತೆ ನೆನಪಿತ್ತು. ಇದೇ ಕುರ್ಚಿ, ಪಕ್ಕದಲ್ಲಿ ಮಡಚಬೇಕಿದ್ದ ಬಟ್ಟೆಯ ರಾಶಿ, 'ಇದ್ದದ್ದನ್ನೆಲ್ಲ ಹಾಕಿ ಕಟ್ಟಿದೋನೇ ಗಂಡಸು' ಎಂದು ತಾನು ತಮಾಷೆ ಮಾಡಿದ್ದು, ಅವನು ನಕ್ಕಿದ್ದು.

"ಬರೆದಿದ್ದೆನಲ್ಲ, ಹುಡುಕು," ಎಂದಳು.

ಅವನು ಹುಡುಕಿದ. ಆಮೇಲೆ ಫೋನು ಟಿಂಗ್ ಎಂದಿತು. ಮೂರು ತಿಂಗಳ ಹಿಂದಿನ ಅವಳದೇ ಮೆಸೇಜಿನ ಚಿತ್ರ. 'ಇನ್ಮೇಲೆ ಜಗಳ ಬೇಡ. ಸಮ ಬಂದ್ರೆ ಜಾಸ್ತಿ ಹಲಗೆ ಉಳಿಸಿದೋರು ಗೆದ್ದ ಹಾಗೆ. ಉಳಿಸೋದೇ ಜಾಣತನ. ಇದು ನಿಘಂಟಿನ ಮಾತು, ತಿದ್ದೋ ಹಾಗಿಲ್ಲ.'

ಅವಳು ಎರಡು ಸಲ ಓದಿದಳು. ಏನೋ ಕೈಚಳಕ ಮಾಡಿರಬೇಕೆಂದು ತನ್ನ ಫೋನಿನಲ್ಲೇ ಹಿಂದಕ್ಕೆ ಸರಿಸುತ್ತಾ ಹೋದಳು. ಅಲ್ಲೂ ಅದೇ ಇತ್ತು.

ಮರೆತಿದ್ದರೆ ಹೆದರುತ್ತಿರಲಿಲ್ಲ. ಮರೆವು ಅಂದರೆ ಅಲ್ಲೊಂದು ಖಾಲಿ ಜಾಗ ಇರಬೇಕು, ತಡವರಿಸಬೇಕು. ಇಲ್ಲಿ ಖಾಲಿ ಇರಲಿಲ್ಲ. ಕುರ್ಚಿ, ಬಟ್ಟೆ, ನಗು ಎಲ್ಲ ತುಂಬಿಕೊಂಡಿದ್ದವು. ನಡೆಯದೇ ಇದ್ದದ್ದು ಅಷ್ಟು ಚೆನ್ನಾಗಿ ನೆನಪಿತ್ತು.

"ಅಕ್ಕಾ? ಇದೀಯಾ?"

"ಹೂಂ."

"ಹೋಗ್ಲಿ ಬಿಡಕ್ಕ. ನೀನೇ ಗೆದ್ದೆ ಅಂದ್ಕೋ. ಒಂದು ಆಟಕ್ಕೇನು."

ಇವನು ಸೋಲೊಪ್ಪಿಕೊಳ್ಳುವ ಪೈಕಿಯವನಲ್ಲ. ಚಿಕ್ಕವನಿದ್ದಾಗ ಒಂದು ಗೋಲಿಗಾಗಿ ಅವಳ ಕೈ ಕಚ್ಚಿದವನು. ಈಗ ಗೆಲ್ಲುವ ಆಟವನ್ನು ಇಷ್ಟು ಮೆತ್ತಗೆ ಬಿಟ್ಟುಕೊಡುತ್ತಿದ್ದಾನೆ.

"ಯಾಕೋ ಹಾಗಂತೀಯ? ಮುಂಚೆನೂ ಹೀಗೆ ಆಗಿತ್ತಾ?"

"ಇಲ್ಲ... ಸುಮ್ನೆ ಅಂದೆ," ಎಂದ. ಆ 'ಇಲ್ಲ' ಬರುವುದು ತಡವಾಯಿತು.

ಲ್ಯಾಪ್‌ಟಾಪ್ ಮುಚ್ಚಿ ಫೋನಿಟ್ಟಳು. ಗಂಡ ಡ್ಯೂಟಿಗೆ ಹೋಗಿದ್ದ. ಮನೆಯಲ್ಲಿ ನಲ್ಲಿಯ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನಿರಲಿಲ್ಲ. ಪಾತ್ರೆ ತೊಳೆಯೋಣವೆಂದು ಎದ್ದವಳಿಗೆ ಸಿಂಕಿನ ಮುಂದೆ ಮೊನ್ನೆ ಶುಕ್ರವಾರದ ಡ್ಯೂಟಿ ನೆನಪಾಯಿತು. ಎಂಟು ತಿಂಗಳ ಮಗು, ಜ್ವರದ ಸಿರಪ್ಪು. ಹೊಸದಾಗಿ ಬಂದ ಬಾಟಲಿ ಹಳೆಯದಕ್ಕಿಂತ ಎರಡು ಪಟ್ಟು ಕಡು. ಹಳೆಯದಾದರೆ ಐದು ಎಂ.ಎಲ್., ಇದರಲ್ಲಿ ಎರಡೂವರೆ ಸಾಕು. ಚೀಟಿಯ ಮೇಲೆ ಎರಡೂವರೆ ಎಂದೇ ಬರೆದಿದ್ದಳು. ನೀಲಿ ಪೆನ್ನು. ಅಳತೆಯ ಮುಚ್ಚಳದಲ್ಲಿ ಅರ್ಧದ ಗುರುತನ್ನು ಮಗುವಿನ ತಾಯಿಗೆ ಬೆರಳಿಟ್ಟು ತೋರಿಸಿದ್ದಳು. ಎಲ್ಲ ಸ್ಪಷ್ಟವಾಗಿ ನೆನಪಿತ್ತು.

ಅಷ್ಟು ಸ್ಪಷ್ಟವಾಗಿತ್ತೆಂಬುದಕ್ಕೇ ಈಗ ಅದನ್ನು ನಂಬಲಾಗಲಿಲ್ಲ.

ಚಪ್ಪಲಿ ಮೆಟ್ಟಿ ಹೊರಟಳು. ಆಸ್ಪತ್ರೆ ನಡಿಗೆಯ ದೂರ. ಅರ್ಧ ದಾರಿಯಲ್ಲಿ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಯೋಚನೆ ಬಂತು. ಹಾಕಿದ್ದು ನೆನಪಿತ್ತು. ಹಾಗಾಗಿ ಚೀಲಕ್ಕೆ ಕೈಹಾಕಿ ಬೀಗದ ಕೈ ಮುಟ್ಟಿ ನೋಡಿದಳು. ಅದರಿಂದ ಏನೂ ಗೊತ್ತಾಗಲಿಲ್ಲ.

ಭಾನುವಾರ ಕೌಂಟರಿನಲ್ಲಿ ಇರುತ್ತಿದ್ದವನು ಅವಳ ಜೊತೆ ಕೆಲಸ ಮಾಡುವವನೇ, ಹನ್ನೆರಡು ವರ್ಷದಿಂದ. ಪ್ರತಿ ಪೊಟ್ಟಣವನ್ನೂ ಎರಡೆರಡು ಸಲ ಚೀಟಿಗೆ ಹೋಲಿಸಿ ನೋಡುವವನು. 'ನಿಧಾನಿ' ಎಂದು ಅವನಿಗೆ ಹೆಸರಿಟ್ಟವಳು ಅವಳೇ. 'ನಿಮ್ಮ ಕೈಯಿಂದ ಔಷಧಿ ಬರೋಷ್ಟರಲ್ಲಿ ಕಾಯಿಲೆ ತಾನೇ ಬೇಜಾರಾಗಿ ಹೋಗಿರುತ್ತೆ' ಎಂದು ಎಲ್ಲರೆದುರು ಆಡಿಕೊಳ್ಳುತ್ತಿದ್ದಳು.

"ಏನ್ ಮೇಡಂ, ರಜಾ ದಿನ?"

"ಶುಕ್ರವಾರದ ಚೀಟಿಗಳ ಕಟ್ಟು ಕೊಡಿ."

ಅವನು ಯಾಕೆಂದು ಕೇಳದೆ ಕೊಟ್ಟ. ಕಟ್ಟಿನಲ್ಲಿ ಇದ್ದದ್ದು ಡಾಕ್ಟರ ಚೀಟಿ ಮಾತ್ರ. ತಾನು ಬರೆದು ಅಂಟಿಸಿದ್ದು ಬಾಟಲಿಯ ಜೊತೆ ಹೋಗಿತ್ತು. ಮೂಲೆಯಲ್ಲಿ ತಾಯಿಯ ಫೋನ್ ನಂಬರಿತ್ತು. ಅದನ್ನು ಹಿಡಿದು ಹೊರಗಿನ ಬೆಂಚಿಗೆ ಬಂದು ಕೂತಳು. ಒತ್ತುವಾಗ ಎರಡು ಸಲ ಅಂಕಿ ತಪ್ಪಿತು.

"ಹಲೋ, ಆಸ್ಪತ್ರೆ ಔಷಧಿ ಕೌಂಟರಿಂದ. ಮಗು ಹೇಗಿದೆಯಮ್ಮಾ?"

"ಚೆನ್ನಾಗಿದಾನೆ ಮೇಡಂ. ಜ್ವರ ಬಿಟ್ಟಿದೆ. ಕೇಳಿ, ಕೂಗ್ತಿದಾನಲ್ಲ."

ಹಿಂದಿನಿಂದ ಏನನ್ನೋ ನೆಲಕ್ಕೆ ಬಡಿಯುವ ಸದ್ದು, ಮಗುವಿನ ಕೇಕೆ. ಅವಳು ಕಣ್ಣು ಮುಚ್ಚಿದಳು. "ಬಾಟಲಿ ಮೇಲೆ ನಾನು ಎಷ್ಟು ಅಂತ ಬರೆದಿದೀನಿ, ಸ್ವಲ್ಪ ಓದಿ ಹೇಳ್ತೀರಾ?"

"ಎರಡೂವರೆ. ಅಷ್ಟೇ ಕೊಡ್ತಿದೀನಿ."

ಅವಳು ನಕ್ಕುಬಿಟ್ಟಳು. "ಸರಿ, ಸರಿಯಮ್ಮಾ. ಸುಮ್ನೆ ಒಂದ್ಸಲ ಕೇಳೋಣ ಅಂತ..."

"ಪರ್ವಾಗಿಲ್ಲ ಮೇಡಂ," ತಾಯಿ ಸಂಕೋಚದಿಂದ ಎಂದಳು. "ಆದ್ರೆ ನಿನ್ನೆ ಸಾಯಂಕಾಲನೂ ಇದನ್ನೇ ಕೇಳಿದ್ರಲ್ಲ. ಏನಾದ್ರೂ ತೊಂದ್ರೆ ಇದೆಯಾ? ನಂಗೆ ಭಯ ಆಗ್ತಿದೆ."

"ನಿನ್ನೆ... ಯಾರು ಕೇಳಿದ್ದು?"

"ನೀವೇ. ಇದೇ ದನಿ."

ತೊಂದರೆ ಏನೂ ಇಲ್ಲ, ಔಷಧಿ ಸರಿಯಾಗಿದೆ ಎಂದು ಅವಳು ಹೇಳಿದಳು. ಹೇಗೆ ಹೇಳಿದಳೋ, ತಾಯಿ ಸಮಾಧಾನದಿಂದ ಫೋನಿಟ್ಟಳು. ಆಮೇಲೆ ಕರೆಗಳ ಪಟ್ಟಿ ತೆರೆದಳು. ಅದೇ ನಂಬರು ಎರಡು ಸಲ ಇತ್ತು. ಇವತ್ತಿನದು, ಅದರ ಕೆಳಗೆ ನಿನ್ನೆ ಸಂಜೆ ಆರು ಹತ್ತರದು. ನಾಲ್ಕು ನಿಮಿಷ ಮಾತಾಡಿದ್ದಳು.

ನಿನ್ನೆ ಆರು ಹತ್ತಕ್ಕೆ ಎಲ್ಲಿದ್ದೆ ಎಂದು ಹುಡುಕಿದಳು. ಮಾರುಕಟ್ಟೆಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದದ್ದು ನೆನಪಾಯಿತು. ಒಂದೊಂದರ ತುದಿ ಮುರಿದು ನೋಡುತ್ತಿದ್ದದ್ದು ಕೂಡ. ಅದನ್ನು ನಂಬಬೇಕೋ ಬೇಡವೋ ತಿಳಿಯಲಿಲ್ಲ.

ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದಳೋ. ಎದ್ದು ಹೋಗಿಬಿಡಬಹುದಿತ್ತು. ತಪ್ಪಂತೂ ಆಗಿಲ್ಲ, ಯಾರಿಗೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಬಂದು ಎಂದಿನಂತೆ ಒಳಗೆ ನಿಂತರಾಯಿತು. ಕಾಲುಗಳು ಗೇಟಿನ ಕಡೆಗೂ ಹೋದವು. ಅಲ್ಲೇ ನಿಂತು, ಮತ್ತೆ ತಿರುಗಿದಳು.

ಪಕ್ಕದ ಬಾಗಿಲಿಂದ ಒಳಗೆ ಹೋಗಲಿಲ್ಲ. ಕೌಂಟರಿನ ಎದುರಿಗೇ ಬಂದು ನಿಂತಳು. ಗಾಜಿನ ಕಿಂಡಿ ಇಷ್ಟು ತಗ್ಗಿನಲ್ಲಿದೆಯೆಂದು ಇಪ್ಪತ್ತಾರು ವರ್ಷ ಗೊತ್ತಿರಲಿಲ್ಲ. ಮಾತಾಡಲು ಸೊಂಟ ಬಗ್ಗಿಸಬೇಕಾಯಿತು.

"ನಾಳೆಯಿಂದ ನಾನು ಕೊಡೋ ಒಂದೊಂದು ಔಷಧಿನೂ ನೀವು ನೋಡಿ ಆಮೇಲೆ ಹೊರಗೆ ಕಳಿಸ್ಬೇಕು," ಎಂದಳು. "ಬೆಳಿಗ್ಗೆ ದೊಡ್ಡ ಡಾಕ್ಟರಿಗೂ ಹೇಳ್ತೀನಿ. ಅಷ್ಟರಲ್ಲಿ ನಾನೇ ಮರೆತ್ರೆ... ನೀವು ಹೇಳ್ಬೇಕು."

ನಿಧಾನಿ ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟ. ಅವಳ ಮುಖ ನೋಡಿದ. ತಮಾಷೆಯೇ ಎಂದು ಕೇಳಲಿಲ್ಲ.

"ಏನಾಯ್ತು, ಹೇಳಿ."

ಅವಳ ಹಿಂದೆ ಮುದುಕನೊಬ್ಬ ಚೀಟಿ ಹಿಡಿದು ಕೆಮ್ಮುತ್ತಾ ಬಂದು ನಿಂತ. ಅವನಿಗೆ ಜಾಗ ಬಿಡಲು ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಕೌಂಟರಿನ ಅಂಚನ್ನು ಹಿಡಿದಿದ್ದ ಕೈಯನ್ನು ಮಾತ್ರ ಬಿಡಲಿಲ್ಲ.