ದಿನಕ್ಕೊಂದು ಸಾಸಿವೆಕಾಳು

ಒರ್ನೆಲ್ಲಾಳ ತೋರುಬೆರಳು ನೋಡುವುದಕ್ಕೆ ಚೆನ್ನಾಗಿಯೇ ಇತ್ತು, ಮಡಚಿದರೆ ಮಡಚುತ್ತಿತ್ತು. ಮುಟ್ಟಿದ್ದು ಏನೆಂದು ಮಾತ್ರ ಹೇಳುತ್ತಿರಲಿಲ್ಲ. ವಸಂತದಲ್ಲಿ ಚರ್ಮದ ಕಾರ್ಖಾನೆಯ ಕತ್ತಿ ಅಂಗೈಗಿಳಿದು ನರ ತುಂಡಾದಾಗ, ಡಾಕ್ಟರಮ್ಮ ಎರಡು ತುದಿಗಳ ನಡುವೆ ಪುಟ್ಟ ಕೊಳವೆಯೊಂದನ್ನು ಕೂರಿಸಿದ್ದರು. ಹಸುವಿನ ಚರ್ಮದಿಂದ ತೆಗೆದ ಕೊಲಾಜೆನ್ ಎಂಬ ನಾರಿನ ಕೊಳವೆ.

"ನರ ಅದರೊಳಗೇ ತೆವಳ್ಕೊಂಡು ಹೋಗತ್ತೆ, ದಿನಕ್ಕೆ ಒಂದು ಸಾಸಿವೆಕಾಳಿನಷ್ಟು. ದಾರಿ ತೋರಿಸಿ ಕೊಳವೆ ತಾನೇ ಕರಗತ್ತೆ. ಕಾಯ್ಬೇಕಮ್ಮ," ಎಂದಿದ್ದರು.

"ಇಷ್ಟು ದಿನ ಹಸು ಚರ್ಮದಲ್ಲೇ ಹೊಟ್ಟೆ ಹೊರ್ಕೊಂಡ್ವಿ, ಈಗ ರಿಪೇರಿಗೂ ಅದೇ!" ಎಂದು ಅಣ್ಣ ಲೊರಿಯಾನೊ ನಕ್ಕಿದ್ದ.

ಆಗಸ್ಟ್ ಬಂತು, ಕಾರ್ಖಾನೆಗಳಿಗೆಲ್ಲ ರಜೆ. ಆರ್ನೊ ನದಿ ಬಿಸಿಲಿಗೆ ಮಂಪರು ಹತ್ತಿ ಬಿದ್ದಿತ್ತು. ರಜೆ ಮುಗಿಯುವುದರೊಳಗೆ ಬೆರಳು ಎಚ್ಚರಗೊಳ್ಳದಿದ್ದರೆ, ಚರ್ಮವನ್ನು ಬೆರಳಿನಿಂದ ಸವರಿ ಗುಣ ಹೇಳಲು ಅವಳು ಕೂರುತ್ತಿದ್ದ ಕಿಟಕಿ ಪಕ್ಕದ ಜಾಗ ಬೇರೆಯವರ ಪಾಲು. ಅವಳಿಗೆ ಪೆಟ್ಟಿಗೆ ಕಟ್ಟುವ ಕೆಲಸ.

ಲೊರಿಯಾನೊ ಚರ್ಮದ ತುಂಡುಗಳನ್ನು ತಂದು ಒಂದೊಂದಾಗಿ ಅವಳ ಬೆರಳಿಗೆ ತಾಗಿಸಿದ. "ಕಣ್ಮುಚ್ಚು. ಇದ್ಯಾವ್ದು?"

"ಕರು."

"ಇದು?"

"ಆಡು."

ಅವನ ಮುಖ ಅರಳಿತು. ಆಮೇಲೆ ಏನೋ ಹೊಳೆದು ಅವಳ ಮೂಗು ಹಿಡಿದ. "ಈಗ ಹೇಳೇ, ಕಳ್ಳಿ!"

ಹೇಳಲಾಗಲಿಲ್ಲ. ಬೇಕೆಂದು ಮಾಡಿದ ಮೋಸವಲ್ಲ. ವಾಸನೆ ಹಿಡಿದದ್ದು ಅವಳಿಗೇ ಗೊತ್ತಾಗಿರಲಿಲ್ಲ. ಬೆರಳೇ ಹೇಳುತ್ತಿದೆ ಎಂದು ನಂಬಿ ಎಷ್ಟು ಹಿಗ್ಗಿದ್ದಳು, ಪಾಪ! ಅಳು ತಡೆಯದೆ ಒಳಗೆ ಹೋಗಿ ಮಲಗಿಬಿಟ್ಟಳು.

ಜೊಂಪಿನಲ್ಲಿ, ಅವಳ ಅಂಗೈಯೊಳಗೊಂದು ಬಿಳಿ ಹಸು ನಡೆಯುತ್ತಿತ್ತು. ಮಂಜಿನ ಓಣಿ, ಎರಡು ಕಡೆಗೂ ಮೆತ್ತನೆಯ ಗೋಡೆ. ಹಸು ನಿಲ್ಲುತ್ತದೆ, ಮೂಸುತ್ತದೆ, ಒಂದು ಹೆಜ್ಜೆ ಇಡುತ್ತದೆ. ಹಿಂದೆ ಓಣಿ ಕರಗುತ್ತದೆ. ಕವಲೊಡೆದ ಕಡೆ ಅದು ಏನೋ ಯೋಚನೆಯಲ್ಲಿ ಬೇರೆ ದಾರಿ ಹಿಡಿಯಿತು. "ಆ ಕಡೆ ಅಲ್ಲ ಕಣೇ!" ಎಂದು ಕೂಗಿದಳು, ಹಸು ನಡೆದೇ ಹೋಯಿತು.

ಎದ್ದಾಗ ಸಂಜೆ. ಒಲೆಯ ಮೇಲೆ ಕಾಫಿ ಉಕ್ಕುತ್ತಿತ್ತು. ನಿದ್ದೆಗಣ್ಣಿನಲ್ಲೇ ಕೈ ಚಾಚಿದಳು. ಪಾತ್ರೆಗೆ ತಗುಲಿದ್ದು ತೋರುಬೆರಳು. ಚುರ್ರೆಂದದ್ದು ನಡುಬೆರಳು.

ಅವಳು ಕೈ ತೆಗೆಯಲಿಲ್ಲ.

"ಅಯ್ಯೋ, ತೆಗಿಯೇ ಕೈನ!" ಲೊರಿಯಾನೊ ನೀರು ಹಿಡಿದು ಓಡಿಬಂದ.

"ಅಣ್ಣಾ, ಸುಟ್ಟಿದ್ದು ಈ ಬೆರಳು. ಉರೀತಿರೋದು ಪಕ್ಕದ್ದು!"

"ಹಂಗಂದ್ರೆ?"

"ನರ ದಾರಿ ತಪ್ಪಿ ಪಕ್ಕದ ಮನೆ ಬಾಗಿಲು ತಟ್ತಿದೆ. ಆದ್ರೆ ಬಂದಿದೆ ಕಣೋ, ಬಂದಿದೆ!"

ಅವನು ಕೈಯನ್ನೆಳೆದು ನೀರಿಗೆ ಅದ್ದಲು ಹೋದ. ಅವಳು ಬಿಡಲಿಲ್ಲ. ಬೊಬ್ಬೆ ಏಳುತ್ತಿದ್ದ ಬೆರಳನ್ನು ಎದೆಗೊತ್ತಿಕೊಂಡು, "ಇರು, ಇನ್ನೂ ಸ್ವಲ್ಪ ಉರೀಲಿ," ಎಂದು ಅಳುತ್ತಲೇ ನಕ್ಕಳು.