ಭಾವ ಕಟ್ಟಿದ್ದ ವೈರುಗಳು

ಗಂಡ ಹೋದ ಎರಡನೇ ತಿಂಗಳಿಗೆ ಅವನ ಕಂಪ್ಯೂಟರೂ ಹೋಯಿತು. ಗುಂಡಿ ಒತ್ತಿದರೆ ದೀಪವಿಲ್ಲ, ಫ್ಯಾನಿನ ಗೊರಗೊರ ಇಲ್ಲ. ಬೀದಿಯವರ ಬಾಯಲ್ಲಿ ‘ಕಸೂತಿ ಅಕ್ಕ’ ಆಗಿದ್ದ ಅವಳು ಎರಡು ಸಲ ಒತ್ತಿದಳು. ಮೂರನೆಯ ಸಲಕ್ಕೆ ಕೈ ಎತ್ತಿ, ಒತ್ತದೆ ಇಳಿಸಿದಳು.

“ಅತ್ತೆ, ಇದೂ ಹೋಯ್ತು.”

“ಹೋಗೋದೇ ಒಂದು ಚಾಳಿ ಆಗಿದೆ ಈ ಮನೇಲಿ,” ಅಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

ಸತ್ತವನು ಅತ್ತೆಗೆ ಒಬ್ಬನೇ ಮಗ. ಆದರೂ ಮಾತಿನ ಮೊನೆ ಮೊಂಡಾಗಿರಲಿಲ್ಲ. ಸೊಸೆಗೆ ಅಳು ಬಂದಿರಲಿಲ್ಲ. ಬಂದ ನೆಂಟರೆಲ್ಲ “ಅತ್ತುಬಿಡಮ್ಮ, ಹಗುರ ಆಗುತ್ತೆ” ಎಂದು, ತಾವೇ ತಂದುಕೊಟ್ಟ ಔಷಧಿಯನ್ನು ಶಿಫಾರಸು ಮಾಡಿದ ಹಾಗೆ ಹೇಳಿ ಹೋಗಿದ್ದರು. ಅವಳು ಎಲ್ಲರಿಗೂ “ಆಯ್ತು” ಅಂದಿದ್ದಳು. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಪಕ್ಕದ ಮನೆಯವರ ಕೆನ್ನೆ ಮುಟ್ಟಿದ ಹಾಗೆ, ಅವಳು ಇಡೀ ಹಾಗಿದ್ದಳು.

ಆದರೆ ಕಂಪ್ಯೂಟರ್ ಇಲ್ಲದೆ ಆಗುವಂತಿರಲಿಲ್ಲ. ಮುಂದಿನ ಕೋಣೆಯ ಕಸೂತಿ ಮಷೀನಿಗೆ ಹೂವು ಅಂದರೆ ಏನೆಂದು ಗೊತ್ತಿಲ್ಲ. ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ, ಎಲ್ಲಿ ತಿರುಗಬೇಕು ಎಂದು ಯಾರಾದರೂ ಅದಕ್ಕೆ ಬಿಡಿಸಿ ಹೇಳಬೇಕು. ಅವಳು ಕಾಗದದ ಮೇಲೆ ಹೂವು ಬರೆಯುವುದು, ಅವನು ಕಂಪ್ಯೂಟರಿನಲ್ಲಿ ಅದನ್ನು ಹೊಲಿಗೆ ಮಾಡುವುದು, ಇದೇ ಅವರ ದಾಂಪತ್ಯ. ಮದುವೆಯಾದಾಗಿನಿಂದ ಮಾಡಿದ ಡಿಸೈನುಗಳೆಲ್ಲ ಆ ಪೆಟ್ಟಿಗೆಯೊಳಗಿನ ಎರಡು ಡ್ರೈವಿನಲ್ಲಿದ್ದವು. ಒಂದರಲ್ಲಿ ಅಸಲು, ಇನ್ನೊಂದರಲ್ಲಿ ನಕಲು. ಅವು ಸಿಗದಿದ್ದರೆ ಅವಳ ಪಾಲಿನ ಅರ್ಧ ಕೆಲಸ ಉಳಿಯುತ್ತದೆ, ಅವನ ಪಾಲಿನದು ಹೋಗುತ್ತದೆ.

ತಮ್ಮನನ್ನು ಕರೆಸಿದಳು. ತಮ್ಮನಿಗೆ ಕನ್ನಡಕದ ಅಂಗಡಿ. ಹಿಂದೊಮ್ಮೆ ಯಾರದೋ ಪ್ರಿಂಟರಿಗೆ ಒಂದು ಗುದ್ದು ಕೊಟ್ಟು ಬದುಕಿಸಿದ್ದನೆಂದು ನೆಂಟರಿಷ್ಟರಲ್ಲೆಲ್ಲ ಅವನೇ ಕಂಪ್ಯೂಟರ್ ಪಂಡಿತ. ಬಂದವನೇ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಮೂಸಿ ನೋಡಿ, “ಪವರ್ ಸಪ್ಲೈ ಸುಟ್ಟಿದೆ ಅಕ್ಕ. ಅದೊಂದನ್ನ ಬದಲಾಯಿಸಿದ್ರೆ ಆಯ್ತು. ಡ್ರೈವಿಗೇನೂ ಆಗಿರಲ್ಲ, ಹೆದರಬೇಡ,” ಅಂದ.

“ಹೆದರಿಲ್ಲ ಕಣೋ,” ಅಂದಳು ಅವಳು. ನಿಜವಾಗಿಯೂ ಹೆದರಿರಲಿಲ್ಲ.

ಮರುದಿನ ಹೊಸ ಪವರ್ ಸಪ್ಲೈ ತಂದ. ಅದರ ಜೊತೆ ಚೀಲ ತುಂಬ ಹೊಸ ವೈರುಗಳೂ ಇದ್ದವು. ಆದರೆ ಪೆಟ್ಟಿಗೆಯೊಳಗೆ ಭಾವ ಕಟ್ಟಿದ್ದ ವೈರುಗಳನ್ನು ನೋಡಿ ಅವನ ಕೈ ನಿಂತಿತು. ಭಾವ ಕಸೂತಿ ದಾರದಿಂದಲೇ ಗೇಣಿಗೊಂದು ಗಂಟು ಹಾಕಿ, ಜಡೆ ಹೆಣೆದ ಹಾಗೆ ಡ್ರೈವಿನವರೆಗೆ ಕೊಂಡೊಯ್ದಿದ್ದರು.

“ಎಷ್ಟು ಚೆಂದ ಕಟ್ಟಿದ್ದಾರೆ ನೋಡಕ್ಕ. ಬಿಚ್ಚೋಕೆ ಮನಸ್ಸೇ ಬರ್ತಿಲ್ಲ.”

“ಬಿಚ್ಚಲೇಬೇಕಾ?”

“ಏನಕ್ಕೆ? ಪ್ಲಗ್ಗು ಸರಿಯಾಗಿ ಕೂರ್ತಿದೆ. ಈ ತುದಿ ಮಾತ್ರ ಹೊಸದಕ್ಕೆ ಚುಚ್ಚಿದ್ರೆ ಸಾಕು.”

ಪ್ಲಗ್ಗು ಗೂಟಕ್ಕೆ ಬಂದ ಹಸುವಿನಷ್ಟು ಸಲೀಸಾಗಿ ಹೋಗಿ ಕೂತಿತು. ಗುಂಡಿ ಒತ್ತಿದ. ಫ್ಯಾನು ತಿರುಗಿತು, ಪರದೆ ಬೆಳಗಿತು, ಒಂದು ಸುಟ್ಟ ವಾಸನೆಯೂ ಬಂತು.

“ಏನೋ ಅದು?” ಅತ್ತೆ ಒಳಗಿಂದ ಕೂಗಿದರು.

“ಹೊಸದಲ್ವಾ ಅಮ್ಮಾ, ಮೊದಲು ಸ್ವಲ್ಪ ವಾಸನೆ ಇರುತ್ತೆ.”

“ಹೊಸದಕ್ಕೆ ಹೊಸ ವಾಸನೆ ಇರಬೇಕಪ್ಪ. ಇದು ಸುಟ್ಟ ವಾಸನೆ.”

ಕಂಪ್ಯೂಟರನ್ನು ಏಳಿಸುವ ಚಿಪ್ ಬೇರೆ ಇತ್ತು, ಹಾಗಾಗಿ ಪರದೆಯಲ್ಲಿ ಎಲ್ಲ ಇತ್ತು, ಡ್ರೈವು ಎರಡೂ ಇರಲಿಲ್ಲ. ತಮ್ಮ ಆರಿಸಿ ಹೊತ್ತಿಸಿದ. ಡೇಟಾ ವೈರು ಬದಲಾಯಿಸಿದ, ಚುಚ್ಚುವ ಜಾಗ ಬದಲಾಯಿಸಿದ, ಕಂಪ್ಯೂಟರ್ ಏಳುವ ಮೊದಲೇ ಬರುವ ನೀಲಿ ಪಟ್ಟಿಯೊಳಗೆ ಹೊಕ್ಕು ಹುಡುಕಿದ. ಅಲ್ಲೂ ಡ್ರೈವುಗಳ ಎರಡು ಜಾಗದ ಮುಂದೆ ‘ಏನೂ ಇಲ್ಲ’ ಎಂದೇ ಬರುತ್ತಿತ್ತು.

“ಡ್ರೈವಿನ ಮೇಲೆ ಕೈ ಇಟ್ಟು ನೋಡಕ್ಕ. ಒಳಗೆ ತಿರುಗ್ತಿದ್ರೆ ಸಣ್ಣಗೆ ನಡುಗುತ್ತೆ.”

ಅವಳು ಅಂಗೈ ಇಟ್ಟಳು. ತಣ್ಣಗಿತ್ತು. ಆಸ್ಪತ್ರೆಯಲ್ಲೂ ಹೀಗೇ ಯಾರೋ ಅವಳ ಕೈ ಹಿಡಿದು ಗಂಡನ ಎದೆಯ ಮೇಲೆ ಇಟ್ಟಿದ್ದರು. ಆಗ ಅವಳಿಗೆ ಹೊಳೆದದ್ದು ಇಷ್ಟೇ: ಈ ಅಂಗಿಯ ಗುಂಡಿ ಸಡಿಲವಾಗಿದೆ.

“ನಡುಗ್ತಿಲ್ಲ,” ಅಂದಳು.

ತಮ್ಮ ನೀರು ಕುಡಿಯಲು ಅಡುಗೆಮನೆಗೆ ಹೋದ. ಹೋಗುವಾಗ ಹೊಸ ಪವರ್ ಸಪ್ಲೈನ ಡಬ್ಬಿಯಲ್ಲಿದ್ದ ಕಾಗದವನ್ನು ಸುಮ್ಮನೆ ಎತ್ತಿಕೊಂಡಿದ್ದ. ಹತ್ತಾರು ಭಾಷೆಯಲ್ಲಿ ಅಚ್ಚಾಗಿರುವ, ಯಾರೂ ಯಾವ ಭಾಷೆಯಲ್ಲೂ ಓದದ ಕಾಗದ. ತಿರುಗಿ ಬಂದಾಗ ಅವನ ಮುಖ ಬೇರೆಯಾಗಿತ್ತು. ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದ.

“ಅಕ್ಕ. ನಾನು ಕೆಡಿಸಿಬಿಟ್ಟೆ.”

“ಏನನ್ನ?”

“ಎರಡನ್ನೂ. ಹಳೇ ವೈರು ಹೊಸದಕ್ಕೆ ಹಾಕಬಾರದಂತೆ. ಪ್ಲಗ್ಗು ಒಂದೇ ಥರ ಇರುತ್ತೆ, ಒಳಗೆ ಯಾವ ತಂತೀಲಿ ಎಷ್ಟು ಕರೆಂಟು ಅನ್ನೋದು ಒಂದೊಂದು ಕಂಪನಿಯದು ಒಂದೊಂದು ಥರ. ಐದು ವೋಲ್ಟ್ ಹೋಗಬೇಕಾದ ಕಡೆ ಹನ್ನೆರಡು ಹೊಡೆದಿದೀನಿ. ಭಾವನ ಗಂಟು ಬಿಚ್ಚಬಾರದು ಅಂತ ಹೋಗಿ…”

ಫ್ಯಾನು ಹುಮ್ಮಸ್ಸಿನಿಂದ ತಿರುಗುತ್ತಲೇ ಇತ್ತು.

“ಬೈಯಕ್ಕ. ಒಂದು ಹೊಡಿ ಬೇಕಾದ್ರೆ.”

ಬೈಯಬೇಕು ಎಂದು ಅವಳಿಗೂ ಅನ್ನಿಸಿತು. ಒಳಗೆ ಹುಡುಕಿದಳು. ನೀಲಿ ಪಟ್ಟಿಯ ಆ ಎರಡು ಜಾಗದ ಮುಂದೆ ಬಂದಂತೆ ಅಲ್ಲೂ ‘ಏನೂ ಇಲ್ಲ’ ಎಂದೇ ಬಂತು.

“ಊಟ ಮಾಡ್ಕೊಂಡು ಹೋಗು,” ಅಂದಳು.

“ನನ್ನ ಮಗ ಗಟ್ಟಿಯಾಗೇ ಕಟ್ಟಿದ್ದ,” ಅಂದರು ಬಾಗಿಲಿಗೆ ಬಂದಿದ್ದ ಅತ್ತೆ, ಯಾರನ್ನೂ ನೋಡದೆ. “ಅದೊಂದೇ ತಪ್ಪು.”

ತಮ್ಮ ಊಟ ಮಾಡಲಿಲ್ಲ. ಡ್ರೈವುಗಳನ್ನು ಟವಲಿನಲ್ಲಿ ಸುತ್ತಿಕೊಂಡು, ಸುಟ್ಟ ಡ್ರೈವುಗಳಿಂದ ಮಾಹಿತಿ ಎತ್ತಿಕೊಡುವವನ ಹತ್ತಿರ ಹೋದ. ಆ ಮನುಷ್ಯ ಮೊದಲು ಸಿಕ್ಕಾಪಟ್ಟೆ ಬೈದನಂತೆ. ತಮ್ಮ ಅದನ್ನು ಫೋನಿನಲ್ಲಿ ಅಕ್ಕನಿಗೆ ಹೇಳುವಾಗ ದನಿಯಲ್ಲಿ ಒಂಥರಾ ಸಮಾಧಾನವಿತ್ತು. ಅಂತೂ ಯಾರೋ ಒಬ್ಬರು ಬೈದರಲ್ಲ.

ವಾರ ಕಳೆದು ಬಂದ. ಡ್ರೈವಿನ ಹಸಿರು ಸರ್ಕ್ಯೂಟ್ ಹಲಗೆಯ ಮೇಲೆ ಕಾವಲಿಗೆಂದೇ ಒಂದು ಪುಟ್ಟ ಭಾಗ ಇರುತ್ತದಂತೆ. ಹೆಚ್ಚು ಕರೆಂಟು ನುಗ್ಗಿದರೆ ತಾನು ಸತ್ತು ಒಳಗಿನದನ್ನು ಉಳಿಸುತ್ತದೆ. ಒಂದರಲ್ಲಿ ಅದು ಉಳಿಸಿತ್ತು. ಸುಟ್ಟ ಕಾವಲು ಕಿತ್ತ ಮೇಲೆ ಡ್ರೈವು ಗುಂಯ್ ಎಂದು ಎದ್ದಿತ್ತು. ಇನ್ನೊಂದರಲ್ಲಿ ಬೆಂಕಿ ಕಾವಲು ದಾಟಿ ಒಳಗೆ ಹೋಗಿತ್ತು.

“ಉಳಿದದ್ದು ಯಾವುದು?”

“ನಕಲು.”

ಚುಚ್ಚಿ ನೋಡಿದರು. ಡಿಸೈನುಗಳು ಸಾಲಾಗಿ ಬಂದವು. ಬಳ್ಳಿ, ನವಿಲು, ಶಾಲೆಯ ಬಿಲ್ಲೆ, ತೋರಣದ ಅಂಚು. ತಮ್ಮ ಉಸಿರು ಬಿಟ್ಟ. ಅವಳು ಕೆಳಗೆ ಜಾರಿಸುತ್ತಾ ಹೋದಳು. ಸಾಲು ನಿಂತಿತು. ಕೊನೆಯದು ನಾಲ್ಕು ವರ್ಷ ಹಿಂದಿನದು. ಆಮೇಲೆ ಗಂಡ ನಕಲು ಮಾಡಿಯೇ ಇರಲಿಲ್ಲ. ನಾಳೆ ಮಾಡಿದರಾಯಿತು ಅಂದುಕೊಂಡಿರಬೇಕು. ಅವನ ಕಡೆಯವರೆಲ್ಲರಿಗೂ ನಾಳೆಯ ಮೇಲೆ ಬಲು ನಂಬಿಕೆ.

ಕೊನೆಯ ನಾಲ್ಕು ವರ್ಷ ಅವನು ಮಾಡಿದ್ದೇ ಅವನ ಒಳ್ಳೆಯ ಕೆಲಸ. ಜನ ಹುಡುಕಿಕೊಂಡು ಬಂದು ಕೇಳುತ್ತಿದ್ದದ್ದೂ ಅದನ್ನೇ.

“ಬೇರೆ ಯಾರ ಹತ್ರಾನಾದ್ರೂ ಮಾಡಿಸೋಣ ಅಕ್ಕ. ನೀನು ಬರೆದ ಚಿತ್ರ ಇದೆಯಲ್ಲ.”

“ಚಿತ್ರ ನನ್ನದು. ಹೊಲಿಗೆ ಅವರದು.”

ಎದ್ದು ಹೋಗಿ ಬೀರುವಿನ ಕೆಳಗಿನ ಅರೆಯಿಂದ ಒಂದು ಗಂಟು ತಂದಳು. ಹೊಸ ಡಿಸೈನು ಆದಾಗಲೆಲ್ಲ ಮೊದಲು ಬಿಳಿ ಬಟ್ಟೆಯ ಚೌಕದ ಮೇಲೆ ಒಂದು ಸಲ ಹೊಲಿಸಿ ನೋಡುವುದು ರೂಢಿ. ಒಂದೊಂದಕ್ಕೆ ಒಂದೇ ಚೌಕ. ಮೇಲಿದ್ದ, ಹೋದ ವರ್ಷದ ದಾಸವಾಳವನ್ನು ತೆಗೆದು, ಮಗುಚಿ ಹಾಕಿ, ಹೊಲಿಗೆ ಬಿಚ್ಚುವ ಕೊಕ್ಕೆ ಹುಡುಕಿದಳು.

“ಏನ್ ಮಾಡ್ತಿದೀಯಕ್ಕ?”

“ಕೊನೇ ಹೊಲಿಗೆಯಿಂದ ಹಿಂದಕ್ಕೆ ಬಿಚ್ಚಿಕೊಂಡು ಹೋದ್ರೆ, ಅವರು ಎಲ್ಲಿಂದ ಶುರು ಮಾಡ್ತಿದ್ರು ಅಂತ ಗೊತ್ತಾಗುತ್ತೆ. ಆಮೇಲೆ ಹಾಗೇ ನಾನೂ ಕಲೀತೀನಿ.”

“ಬಿಚ್ಚಿದ್ರೆ ಇದೂ ಹೋಗುತ್ತಲ್ಲ! ಇರೋದು ಒಂದೇ.”

“ಹೂಂ.”

ತಮ್ಮ ಚೌಕವನ್ನು ಎತ್ತಿಕೊಳ್ಳಲು ಕೈ ಚಾಚಿ, ಬಿಚ್ಚದೆ ಬಿಟ್ಟದ್ದರ ಫಲ ನೆನಪಾಗಿ ಹಿಂದಕ್ಕೆ ತೆಗೆದುಕೊಂಡ. ಅತ್ತೆ ಬಂದು ಎದುರು ಕೂತರು. ಮಗನ ದಾಸವಾಳವನ್ನು ಒಂದು ಗಳಿಗೆ ನೋಡಿ, ಬಟ್ಟೆಯ ಎರಡು ಮೂಲೆ ಹಿಡಿದು ಬಿಗಿಯಾಗಿ ಎಳೆದರು.

“ಸಡಿಲ ಇದ್ರೆ ಬಟ್ಟೆ ಹರಿದೀತು. ಹ್ಞೂಂ, ತೆಗಿ.”

ಅವಳು ಮೊದಲ ದಾರ ಕತ್ತರಿಸಿದಳು. ಎಲೆ ಹೋಯಿತು, ಎಸಳುಗಳು ಒಂದೊಂದಾಗಿ ಹೋದವು. ಕೆಂಪು ದಾರದ ತುಣುಕುಗಳು ಅತ್ತೆಯ ಮಡಿಲಲ್ಲಿ ಬಿದ್ದವು. ಸಂಜೆಯ ಹೊತ್ತಿಗೆ ಬಟ್ಟೆಯ ಮೇಲೆ ಉಳಿದದ್ದು ಒಂದು ಸಣ್ಣ ಗೆರೆ. ಅವಳು ಯಾವಾಗಲೂ ಹೂವನ್ನು ತೊಟ್ಟಿನಿಂದ ಬರೆಯುತ್ತಿದ್ದಳು. ಅವನೂ ಅಲ್ಲಿಂದಲೇ ಹೊಲಿಯುತ್ತಾನೆಂದು ಇಷ್ಟು ವರ್ಷ ತಿಳಿದಿದ್ದಳು. ಗೆರೆ ಇದ್ದದ್ದು ಹೂವಿನ ನಟ್ಟನಡುವೆ, ಎಸಳುಗಳ ಅಡಿ ಯಾರಿಗೂ ಕಾಣದ ಜಾಗದಲ್ಲಿ.

“ಇಲ್ಲಿಂದ,” ಅಂದಳು.

“ಸರಿ,” ಅಂದರು ಅತ್ತೆ. “ಮುಂದಿನದು ಕೊಡು.”